ಚಿತ್ರ ಕೊಟ್ಟಿದ್ದೀರಿ, ಹಕ್ಕು ಕೊಟ್ಟಿಲ್ಲ

ಅಕ್ಕ, ನಮ್ಮ ಗುಂಪಿನಲ್ಲಿ ನೀವು ಹಾಕಿದ ಬರಹ ಓದಿದ ಮೇಲೆ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸು ಹೋಗಲಿಲ್ಲ. ಕೊಡಗಿನ ತವರಿನ ಹಿರಿಯರ ಮನೆಯಾದ ಐನ್‌ಮನೆಯನ್ನು ಕಾಫಿ ಡಿಕಾಕ್ಷನ್‌ನಲ್ಲಿ ಬಿಡಿಸಿ ತಂಗಿಯ ಮದುವೆಗೆ ಉಡುಗೊರೆ ಕೊಟ್ಟಿರಿ. ಅವರು ಪ್ರೀತಿಯಿಂದ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ಈಗ ಅದೇ ಚಿತ್ರ, ನಿಮ್ಮ ಸಹಿಯ ಮೂಲೆಯನ್ನು ಕಳೆದುಕೊಂಡು, ಒಂದು ಹೋಂಸ್ಟೇಯ ಜಾಹೀರಾತಿನಲ್ಲಿದೆ. "ಕೊಟ್ಟ ಮೇಲೆ ಮುಗಿಯಿತು, ಮೊಬೈಲ್‌ಗೆ ಬಂದದ್ದು ಎಲ್ಲರದು" ಎಂದು ನಿಮ್ಮ ಬರಹಕ್ಕೆ ಇಬ್ಬರು ಉತ್ತರ ಬರೆದಿದ್ದಾರೆ. ಅದು ಖಂಡಿತ ತಪ್ಪು.

ನಿಮ್ಮ ತಂಗಿಗೆ ಸೇರಿದ್ದು ಆ ಕಾಗದ, ಆ ಚೌಕಟ್ಟು. ಗೋಡೆಗೆ ಹಾಕಬಹುದು, ನಾಳೆ ಮಾರಲೂಬಹುದು. ಅದನ್ನು ಮುದ್ರಿಸುವ, ಪ್ರತಿ ಮಾಡುವ, ಪ್ರಕಟಿಸುವ ಹಕ್ಕು ನೀವು ಬರೆದು ಸಹಿ ಮಾಡಿ ಕೊಡುವವರೆಗೆ ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಮೂಡಿದ ಕ್ಷಣದಿಂದ ಅದು ನಿಮಗೆ ಬರುತ್ತದೆ, ನಿಮ್ಮ ಕಾಲದ ನಂತರವೂ 60 ವರ್ಷ ಮಕ್ಕಳಿಗೆ ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ. ಇನ್ನೊಂದು ಮಾತು: ಅದೇ ಕಾಯ್ದೆಯ 57ನೆಯ ಕಲಮು, ಹಕ್ಕನ್ನು ಮಾರಿದ ಮೇಲೂ "ಇದನ್ನು ರಚಿಸಿದವಳು ನಾನು" ಎಂದು ಹೇಳಿಕೊಳ್ಳುವ ಅಧಿಕಾರವನ್ನು ನಿಮ್ಮಲ್ಲೇ ಉಳಿಸುತ್ತದೆ. ಸಹಿ ಕತ್ತರಿಸಿದವರು ಮುಟ್ಟಿದ್ದು ಅದನ್ನೇ.

ಆದರೆ ದುಡ್ಡು ಕೊಟ್ಟು ಹೇಳಿ ಬಿಡಿಸಿಕೊಂಡ ಚಿತ್ರದ ಲೆಕ್ಕ ಬೇರೆ. ಒಪ್ಪಂದವಿಲ್ಲದಿದ್ದರೆ ಅದರ ಮೊದಲ ಹಕ್ಕುದಾರರು ದುಡ್ಡು ಕೊಟ್ಟವರೇ. ಇದನ್ನು ತಿಳಿಯದೆ ನಾನು ಪೆಟ್ಟು ತಿಂದಿದ್ದೇನೆ. ಮಡಿಕೇರಿ ಕೋಟೆಯ ಕಲ್ಲಾನೆಗಳನ್ನು ಒಬ್ಬ ವ್ಯಾಪಾರಿಗೆ ಬಿಡಿಸಿಕೊಟ್ಟೆ. ಗೋಡೆಗೆ ಹಾಕಿಕೊಳ್ಳುತ್ತಾರೆ ಎಂದುಕೊಂಡಿದ್ದೆ, ಕೆಲವೇ ತಿಂಗಳಲ್ಲಿ ಅವು ಮಾರಾಟದ ಕಪ್‌ಗಳ ಮೇಲೆ ಬಂದವು. ತಡೆಯುವ ದಾರಿಯೇ ಇರಲಿಲ್ಲ. ಹೆಸರು ಹಾಕಿ ಎಂದು ಬೇಡಿಕೊಂಡೆ, ಮುಂದಿನ ಸರದಿಯಲ್ಲಿ ಹಾಕಿದರು. ಅಂದಿನಿಂದ ಮುಂಗಡ ಪಡೆಯುವ ಮೊದಲೇ ಎರಡು ಸಾಲು ಬರೆಸಿಕೊಳ್ಳುತ್ತೇನೆ: ಚಿತ್ರ ಮನೆಯಲ್ಲಿಡಲು ಮಾತ್ರ, ಮುದ್ರಣದ ಹಕ್ಕು ಕಲಾವಿದೆಯದು.

ಕಲ್ಲಾನೆಗಳನ್ನು ಯಾರು ಬೇಕಾದರೂ ಬಿಡಿಸಬಹುದು, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪಕ್ಕೆ ಕಾನೂನು ಆ ಅವಕಾಶ ಕೊಟ್ಟಿದೆ. ಆದರೆ ಅದೇ ಆನೆಗಳನ್ನು ಬೇರೊಬ್ಬರು ಬೆಳಗಿನ ಮಂಜಿನಲ್ಲಿ ಕಾದು ತೆಗೆದ ಫೋಟೊ ಅವರ ಕೃತಿ. ಅದನ್ನು ನೋಡಿ ಮನೆಯಲ್ಲಿ ಕೈ ಪಳಗಿಸಿಕೊಳ್ಳಿ. ಗುಂಪಿಗೆ ಹಾಕುವುದಾದರೆ ಅಥವಾ ಮಾರುವುದಾದರೆ ಅವರನ್ನು ಕೇಳಿ. "ಚಿತ್ರಕೃಪೆ: ಇಂಟರ್‌ನೆಟ್" ಎಂದು ಬರೆಯುವುದನ್ನು ದಯವಿಟ್ಟು ಬಿಡೋಣ. ಅದು ಯಾರ ಹೆಸರೂ ಅಲ್ಲ.

ನಮ್ಮ ಊರಿಗೆ ಸೇರಿದ ಇನ್ನೊಂದು ಸೂಕ್ಷ್ಮವಿದೆ. ಐನ್‌ಮನೆ ಒಂದು ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಮನೆತನದವರೆಲ್ಲರದು. ಹೊರಗಿನಿಂದ ಕಾಣುವ ಮನೆಯನ್ನು ಬಿಡಿಸಲು ಕಾನೂನಿನ ಅಡ್ಡಿಯಿಲ್ಲದಿರಬಹುದು, ಆದರೂ ಒಳಗಿನ ದೀಪ, ಅಂಗಳದಾಚೆಯ ಕೈಮಡ (ಗತಿಸಿದ ಹಿರಿಯರ ಗುಡಿ), ಗೋಡೆಯ ಮೇಲಿನ ಹಿರಿಯರ ಫೋಟೊ ಇವನ್ನೆಲ್ಲ ಸಾರ್ವಜನಿಕವಾಗಿ ಹಾಕುವ ಮೊದಲು ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಒಂದು ಮಾತು ಕೇಳಬೇಕು. ನಾನು ಕೇಳಿದ ಮನೆಗಳಲ್ಲಿ ಯಾರೂ ಬೇಡ ಎಂದದ್ದಿಲ್ಲ. ಒಂದು ಕಡೆ ಅಜ್ಜಿ ಪಕ್ಕದಲ್ಲೇ ಕುಳಿತು ಯಾವ ಕಂಬ ಯಾವ ಕಾಲದ್ದು ಎಂದು ಹೇಳಿದರು, ಚಿತ್ರ ಇನ್ನಷ್ಟು ಚೆನ್ನಾಯಿತು.

ಈಗ ನಿಮ್ಮ ಕೆಲಸ. ಮೊದಲು ಆ ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ತೆಗೆದು, ಲಿಂಕ್ ಸಮೇತ ಇಟ್ಟುಕೊಳ್ಳಿ. ಪೆನ್ಸಿಲ್ ಕರಡು, ಅರ್ಧ ಮುಗಿದ ಹಂತದ ಫೋಟೊ ಇದ್ದರೆ ಜೊತೆಗಿಡಿ. ನಂತರ ಹೋಂಸ್ಟೇಯವರಿಗೆ ನೇರವಾಗಿ, ಮೆದುವಾಗಿ ಬರೆಯಿರಿ. ಎಷ್ಟೋ ಸಲ ಜಾಹೀರಾತು ಮಾಡಿದ ಹುಡುಗನಿಗೆ ಚಿತ್ರ ಯಾರದೆಂದೇ ಗೊತ್ತಿರುವುದಿಲ್ಲ. ತೆಗೆಯಬೇಕೇ, ಹೆಸರು ಹಾಕಿದರೆ ಸಾಕೇ, ಹಣ ಬೇಕೇ ಎಂಬುದನ್ನು ಮೊದಲೇ ನಿರ್ಧರಿಸಿ, ಅದೊಂದನ್ನೇ ಕೇಳಿ. ಉತ್ತರ ಬಾರದಿದ್ದರೆ ಆ ಜಾಲತಾಣಕ್ಕೆ ಲಿಖಿತ ದೂರು ಕೊಡಿ. 2013ರ ಕೃತಿಸ್ವಾಮ್ಯ ನಿಯಮಗಳು ಚಿತ್ರವನ್ನು ತೆಗೆಯಲು ಅವರಿಗೆ 36 ಗಂಟೆಗಳ ಗಡುವು ಹೇಳುತ್ತವೆ. 21 ದಿನಗಳೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಚಿತ್ರವನ್ನು ಮತ್ತೆ ತೋರಿಸಬಹುದು, ಅದು ನೆನಪಿರಲಿ.

ಮುಂದಿನ ಚಿತ್ರಗಳನ್ನು ಸಾವಿರ ಪಿಕ್ಸೆಲ್ ಅಗಲಕ್ಕಿಳಿಸಿ ಹಾಕಿ. ಮೊಬೈಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಅಚ್ಚುಕಟ್ಟಾಗಿ ಮುದ್ರಿಸಹೊರಟರೆ ಮೂರು ಇಂಚು ದಾಟುವುದು ಕಷ್ಟ. ಸಹಿ ಮೂಲೆಯಲ್ಲಿ ಬೇಡ, ಚಿತ್ರದೊಳಗಿನ ಮನೆಯ ಮೆಟ್ಟಿಲ ಬುಡದಲ್ಲಿರಲಿ.

ತಂಗಿಯ ಮೇಲೆ ಬೇಸರ ಬೇಡ, ಅವರು ಹಾಕಿದ್ದು ಹೆಮ್ಮೆಯಿಂದ. ಪತ್ರದ ಕರಡನ್ನು ನನಗೆ ಕಳುಹಿಸಿ, ಇಂದು ರಾತ್ರಿಯೇ ನೋಡಿ ಕೊಡುತ್ತೇನೆ.