ಸುಡೋಕುವಿಗೆ ಕೆಂಪು ಪೆನ್ನು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

71 ವರ್ಷದ ನಿವೃತ್ತ ಲೆಕ್ಕಪರಿಶೋಧಕರು. ಪತ್ನಿ ಇಲ್ಲ. ಮಗ, ಸೊಸೆ, ಒಂಬತ್ತರ ಮೊಮ್ಮಗಳ ಜೊತೆ ವಾಸ. ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತಂದವರು ಸೊಸೆ: "ಮಾವ ದಿನಕ್ಕೆ ನಾಲ್ಕು ಗಂಟೆ ಸುಡೋಕು ಮಾಡ್ತಾರೆ. ಆಮೇಲೆ ಎಲ್ಲರ ಮೇಲೂ ಸಿಡಿಮಿಡಿ."

ಪುಸ್ತಕ ತರಿಸಿ ನೋಡಿದಾಗ ಅರ್ಧ ವಿಷಯ ತಿಳಿಯಿತು. ಪ್ರತಿ ಪುಟದ ಮೇಲೆ ಬಿಡಿಸಲು ಹಿಡಿದ ನಿಮಿಷ. ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಅದರಡಿ ಕೆಂಪು ಗೆರೆ. ಮರೆವಿನ ಕಾಯಿಲೆ ಹತ್ತಿತೇನೋ ಎಂಬ ಭಯಕ್ಕೆ ದಿನವೂ ತಮಗೆ ತಾವೇ ಪರೀಕ್ಷೆ ಇಟ್ಟುಕೊಂಡಿದ್ದರು. ಆಟವೆಂಬುದು ಅಲ್ಲಿರಲೇ ಇಲ್ಲ.

ಈ ವಯಸ್ಸಿನಲ್ಲಿ ತಲೆ ಮಂಕಾಗಿದೆ ಎಂದವರಿಗೆ ದೇಹ ನೋಡದೆ ಬುದ್ಧಿ ಹೇಳಕೂಡದು. ಥೈರಾಯ್ಡ್, ಬಿ12, ಸಕ್ಕರೆ, ಕಣ್ಣು, ಕಿವಿ, ನುಂಗುವ ಮಾತ್ರೆಗಳ ಪೂರ್ತಿ ಪಟ್ಟಿ — ಎಲ್ಲವನ್ನೂ ವೈದ್ಯರು ನೋಡಿದರು. ಎರಡು ಕಾರಣ ಸಿಕ್ಕವು. ಕಿವಿ ಮಂದವಾಗಿತ್ತು. ನಿದ್ದೆಗೆಂದು ತಾವೇ ತಂದು ನುಂಗುತ್ತಿದ್ದ ಡೈಫೆನ್‌ಹೈಡ್ರಮೈನ್ ಮಿದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಅಡ್ಡಬರುವ ಮಾತ್ರೆ. ವಯಸ್ಸಾದವರಲ್ಲಿ ಮರೆವು, ಗೊಂದಲ, ಬೀಳುವ ಅಪಾಯ ಹೆಚ್ಚಿಸುತ್ತದೆ. ವೈದ್ಯರು ಅದನ್ನು ನಿಲ್ಲಿಸಿದರು. ನೆನಪಿನ ಪರೀಕ್ಷೆ ವಯಸ್ಸಿಗೆ ತಕ್ಕಂತಿತ್ತು. ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳಲ್ಲಿ 7 ಅಂಕ. 5 ದಾಟಿದರೆ ಗಮನ ಕೊಡಲೇಬೇಕು.

ಸುಡೋಕು ಪೂರ್ತಿ ಬಿಡಿ ಎನ್ನಲಿಲ್ಲ, ಹಾಗೆ ಹೇಳಿದರೆ ಕದ್ದು ಮಾಡುತ್ತಾರೆ. ದಿನಕ್ಕೆ ಒಂದು, ಗಡಿಯಾರವಿಲ್ಲದೆ, ಕೆಂಪು ಪೆನ್ನು ಸೊಸೆಯ ವಶ. ಸಾಮಾನ್ಯವಾಗಿ ಪ್ರತಿ ಚಟುವಟಿಕೆಗೂ ಸಿಕ್ಕ ಖುಷಿಯನ್ನು 0ರಿಂದ 10ರವರೆಗೆ ಬರೆಸುತ್ತೇವೆ. ಇವರಿಗೆ ಬರೆಸಲಿಲ್ಲ, ಅದನ್ನೂ ಲೆಕ್ಕಪುಸ್ತಕ ಮಾಡಿಬಿಡುತ್ತಿದ್ದರು.

ಸಂಜೆ ಮೊಮ್ಮಗಳ ಜೊತೆ 15 ನಿಮಿಷ: ದಿನದ ಮೂರು ಸಂಗತಿ ಹೇಳುವುದು, ಒಂದು ಸುಳ್ಳು, ಇನ್ನೊಬ್ಬರು ಕಂಡುಹಿಡಿಯುವುದು. ಟಿವಿ ಆಫ್, ಎದುರುಬದುರು ಕೂರಬೇಕು, ಮಗುವಿನ ಮುಖದ ಮೇಲೆ ಬೆಳಕಿರಬೇಕು. ಕಿವಿ ಮಂದವಾದವರು ಎಷ್ಟೋ ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ.

ಮೊದಲ ವಾರ ಕೆಟ್ಟಿತು. ತಾತ ಮಗುವಿನ ತಪ್ಪು ತಿದ್ದುತ್ತಾ ಕೂತರು. "ತಾತಂಗೆ ಬೇಜಾರಾಗುತ್ತೆ, ಸೋತುಬಿಡು" ಎಂದು ಸೊಸೆ ಮಗುವಿಗೆ ಹೇಳಿಕೊಟ್ಟದ್ದು ಅವರಿಗೆ ಗೊತ್ತಾಗಿ ಇನ್ನಷ್ಟು ಕುಗ್ಗಿದರು. ಹಿರಿಯರಿಗೆ ಸುಳ್ಳು ಗೆಲುವು ಕೊಡುವುದು ಅವಮಾನವೇ. ನಿಯಮ ಬದಲಿಸಿದೆವು: ಸೋಲು-ಗೆಲುವು ಬೇಡ, ಯಾರೂ ನಂಬಲಾಗದ ಸುಳ್ಳು ಹೇಳಬೇಕು, ಕೇಳುವವರು "ಆಮೇಲೆ?" ಎಂದಷ್ಟೇ ಅನ್ನಬೇಕು. "ನನ್ನ ಕನ್ನಡಕ ಇವತ್ತು ನನಗೇ ಬೈಯಿತು" ಎಂದು ಅವರು ಶುರುಮಾಡಿದ ದಿನ ಆಟ ಹತ್ತು ನಿಮಿಷ ಹೆಚ್ಚಾಯಿತು. ತಿದ್ದಲು ಅಲ್ಲಿ ಏನೂ ಇಲ್ಲವಲ್ಲ!

ಉಳಿದದ್ದು ಮಾಮೂಲಿ. ಹತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆ. ಮೂರು ದಿನ ಗಟ್ಟಿಯಾದ ಆಸರೆ ಹಿಡಿದು ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವ ಅಭ್ಯಾಸ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಬಾರದು. ಶ್ರವಣಯಂತ್ರ ಮೊದಲು ಡ್ರಾಯರ್ ಸೇರಿತ್ತು. ಮೌನದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿದ ಮೇಲೆ ಕಿವಿಯಲ್ಲಿ ಉಳಿಯಿತು.

ಆರು ವಾರಕ್ಕೆ ಖಿನ್ನತೆಯ ಅಂಕ 7ರಿಂದ 3ಕ್ಕೆ ಇಳಿಯಿತು. ಮನೆಯವರಿಗೆ ಬರೆದುಕೊಟ್ಟದ್ದು: ಪರಿಚಿತ ದಾರಿ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಹಣದ ಲೆಕ್ಕ ಎಡವಿದರೆ ನರರೋಗ ತಜ್ಞರಿಗೆ ತೋರಿಸಿ. ಬದುಕು ಸಾಕು ಎಂದರೆ ಅದೇ ದಿನ ಮನೋವೈದ್ಯರ ಬಳಿ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ.