ಸಮುದ್ರದ ನೀರು ಕುಡಿದ ನಾಯಿಗೆ ಮತ್ತೆ ಉಪ್ಪು ನೀರು ಕುಡಿಸಬೇಡಿ

ಓದುಗರ ಪ್ರಶ್ನೆಗಳಿಗೆ ಬೆಂಗಳೂರಿನ ಪಶುವೈದ್ಯರ ಉತ್ತರ

ಸಾಲು ರಜೆ ಬಂತೆಂದರೆ ಬೆಂಗಳೂರಿನ ನಾಯಿಗಳೆಲ್ಲ ಕಾರು ಹತ್ತಿ ಗೋಕರ್ಣದ ಕಡೆ ಹೊರಡುತ್ತವೆ. ರಜೆ ಮುಗಿದ ಮರುದಿನ ಅವುಗಳಲ್ಲಿ ಕೆಲವು ನನ್ನ ಕ್ಲಿನಿಕ್ ಮುಂದೆ ಸಾಲಾಗಿ ಕೂತಿರುತ್ತವೆ. ಒಂದಕ್ಕೆ ಭೇದಿ, ಇನ್ನೊಂದಕ್ಕೆ ಕಿವಿ ನೋವು, ಮತ್ತೊಂದಕ್ಕೆ ಪಾದ ಸುಟ್ಟಿದೆ. ಪ್ರಶ್ನೆಗಳೂ ಪ್ರತಿ ವರ್ಷ ಅವೇ. ಲಸಿಕೆ ಹಾಕಿಸಿ, ಬೆಲ್ಟ್ ಬಿಚ್ಚಬೇಡಿ ಎಂದೆಲ್ಲ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ನಾಯಿ ಸಾಕಿದ ಮೇಲೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ಡಾಕ್ಟ್ರೇ, ಬೆಂಗಳೂರಿಗೆ ಹತ್ತಿರ ಇರುವ, ನಾಯಿ ಬಿಡುವ ಬೀಚ್ ಯಾವುದು?

ಬೆಂಗಳೂರಿಗೆ ಹತ್ತಿರ ಬೀಚೇ ಇಲ್ಲ. ಮಂಗಳೂರಿಗೇ ಸುಮಾರು 350 ಕಿ.ಮೀ. ಇದೆ, ಗೋಕರ್ಣ ಇನ್ನೂ ದೂರ. ರೆಸಾರ್ಟಿನವರು ‘ಪೆಟ್ ಫ್ರೆಂಡ್ಲಿ’ ಎಂದು ಹಾಕಿದ್ದಾರೆ ಅಂದರೆ ಅವರ ರೂಮಿಗೆ ನಾಯಿ ಬರಬಹುದು ಎಂದಷ್ಟೇ ಅರ್ಥ. ಎದುರಿನ ಕಡಲತೀರ ಅವರದ್ದಲ್ಲ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆಯ ನಿಯಮದಲ್ಲೇ ನಾಯಿಗಳ ಪ್ರವೇಶಕ್ಕೆ ಕಟ್ಟುನಿಟ್ಟಿನ ನಿಯಂತ್ರಣ ಇರಬೇಕು ಎಂದಿದೆ. ಅಲ್ಲಿ ಹೋಗಿ ಗಾರ್ಡ್ ಜೊತೆ ಜಗಳ ಮಾಡಬೇಡಿ. ಮಲ್ಪೆ, ಪಣಂಬೂರಿನಲ್ಲಿ ಭಾನುವಾರ ಸಂಜೆ ಮನುಷ್ಯರು ನಿಲ್ಲಲೂ ಜಾಗ ಇರುವುದಿಲ್ಲ. ಜನ ಕಡಿಮೆ ಇರುವ ತೀರ ಹುಡುಕಿ, ಬೆಳಗಿನ ಜಾವ ಹೋಗಿ. ಬಲೆ ಒಣಗಿಸುತ್ತಿರುವ ಮೀನುಗಾರರನ್ನು ಒಂದು ಮಾತು ಕೇಳಿ.

ಇನ್ನೊಂದು ವಿಷಯ. ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ ಹೊನ್ನಾವರದ ಕಡೆ ಆಲಿವ್ ರಿಡ್ಲಿ ಕಡಲಾಮೆಗಳು ಮರಳಲ್ಲಿ ಮೊಟ್ಟೆ ಇಡುತ್ತವೆ. ನಾಯಿಗೆ ಆ ವಾಸನೆ ಚೆನ್ನಾಗಿ ಗೊತ್ತಾಗುತ್ತದೆ, ಐದೇ ನಿಮಿಷದಲ್ಲಿ ಅಗೆದು ಹಾಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ. ‘ನಮ್ಮ ಪಾಪು ಸುಮ್ನೆ ಆಟ ಆಡ್ತಿತ್ತು’ ಎಂದರೆ ಅರಣ್ಯ ಇಲಾಖೆಯವರು ಕೇಳುವುದಿಲ್ಲ, ಕೇಳಲೂಬಾರದು.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಮೂರು ವರ್ಷ, 28 ಕೆ.ಜಿ. ಗೋಕರ್ಣದ ಕುಡ್ಲೆ ಬೀಚ್‌ನಲ್ಲಿ ಮಧ್ಯಾಹ್ನವೆಲ್ಲ ಬಾಲ್ ಎಸೆದು ಆಟ ಆಡಿಸಿದೆವು. ಸಂಜೆ ನೀರಿನ ಹಾಗೆ ಭೇದಿ, ಎರಡು ಸಲ ವಾಂತಿ. ಪಕ್ಕದ ರೂಮಿನವರು ‘ಉಪ್ಪು ನೀರು ಕುಡಿಸಿ ಪೂರ್ತಿ ವಾಂತಿ ಮಾಡಿಸಿ’ ಎಂದರು. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಮತ್ತು ಭೇದಿ ನಿಲ್ಲುವ ಮಾತ್ರೆ ಕೊಟ್ಟರು. ಎಲ್ಲವನ್ನೂ ಕೊಟ್ಟೆವು. ಈಗ ಹುಷಾರಾಗಿದೆ. ನಾವು ಮಾಡಿದ್ದು ಸರೀನಾ? (ರಾಜಾಜಿನಗರ)

ಹುಷಾರಾಗಿದ್ದು ನಿಮ್ಮ ಉಪಚಾರದಿಂದಲ್ಲ, ನಿಮ್ಮ ನಾಯಿಯ ಕಿಡ್ನಿ ಚೆನ್ನಾಗಿರುವುದರಿಂದ. ನೀವು ಮಾಡಿದ ಮೂರೂ ಕೆಲಸ ತಪ್ಪು. ಈ ಪ್ರಶ್ನೆ ಪದೇ ಪದೇ ಬರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ನಮ್ಮ ನಾಯಿ ಸಮುದ್ರದ ನೀರು ಕುಡೀಲೇ ಇಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ನಾಯಿ ಬಾಲ್ ತರುವುದನ್ನು ಹತ್ತಿರದಿಂದ ನೋಡಿ. ಟೆನಿಸ್ ಬಾಲ್ ಕಚ್ಚಿದ ಬಾಯಿ ಮುಚ್ಚುವುದಿಲ್ಲ. ತುಟಿಯ ಎರಡೂ ಬದಿ ತೆರೆದೇ ಇರುತ್ತದೆ. ಎದುರಿಗೆ ಅಲೆ ಬಂದು ಮುಖಕ್ಕೆ ಬಡಿದಾಗ ನೀರು ಸೀದಾ ಗಂಟಲಿಗೆ ಹೋಗುತ್ತದೆ. ಸಾಲದ್ದಕ್ಕೆ ಬಾಲ್ ಮೇಲಿನ ಬಟ್ಟೆಯೂ ನೀರು ಹೀರಿಕೊಂಡಿರುತ್ತದೆ, ಕಚ್ಚಿದಾಗಲೆಲ್ಲ ಅದೂ ಒಳಗೆ. ಪ್ರತಿ ಸಲ ಒಂದೆರಡು ಗುಟುಕು. ಮಧ್ಯಾಹ್ನವೆಲ್ಲ ಆಡಿಸಿದಿರಿ ಎಂದಿದ್ದೀರಿ, ನೀವೇ ಲೆಕ್ಕ ಹಾಕಿ. ಸುಸ್ತಾಗಿ ಬಾಯಾರಿಕೆ ಆದಾಗ ಬಟ್ಟಲಲ್ಲಿ ನೀರಿಲ್ಲದಿದ್ದರೆ ಅದು ಬೇಕೆಂದೇ ಸಮುದ್ರಕ್ಕೆ ಬಾಯಿ ಹಾಕುತ್ತದೆ. ಕೆರೆ ನೀರು, ಬಕೆಟ್ ನೀರು ಕುಡಿದು ಬೆಳೆದ ಬೆಂಗಳೂರಿನ ನಾಯಿಗೆ ನೀರೆಂದರೆ ಕುಡಿಯುವುದಕ್ಕೇ ಇರುವುದು.

ಈಗ ಉಪ್ಪಿನ ಲೆಕ್ಕ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಡ್ರಿಪ್‌ನಲ್ಲಿ ಲೀಟರ್‌ಗೆ 9 ಗ್ರಾಂ. ಮೈಯೊಳಗಿನ ದ್ರವದ ಉಪ್ಪೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸಮುದ್ರದ ನೀರಿನಲ್ಲಿ ಅದರ ಸುಮಾರು ನಾಲ್ಕು ಪಟ್ಟು. ಒಂದು ಕೆ.ಜಿ. ತೂಕಕ್ಕೆ ಸುಮಾರು 2 ಗ್ರಾಂ ಉಪ್ಪು ಒಳಗೆ ಹೋದರೆ ವಿಷದ ಲಕ್ಷಣ ಕಾಣಿಸಬಹುದು. 4 ಗ್ರಾಂ ಹತ್ತಿರ ಹೋದರೆ ಜೀವಕ್ಕೇ ಅಪಾಯ. ನಿಮ್ಮ ಲ್ಯಾಬ್ ಆ ಮೊದಲ ಗೆರೆ ಮುಟ್ಟಲು ಒಂದೂವರೆ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಕುಡಿಯಬೇಕು. ಐದು ಕೆ.ಜಿ.ಯ ಶಿಟ್ಜೂಗೆ 300 ಮಿ.ಲೀ. ಸಾಕು. ಸಣ್ಣ ನಾಯಿ ಇರುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಭೇದಿ ಯಾಕೆ ಆಗುತ್ತದೆ ಅಂದರೆ, ಉಪ್ಪು ಹಾಕಿಟ್ಟ ಮಾವಿನಕಾಯಿ ನೀರು ಬಿಡುವ ಹಾಗೆ ಕರುಳಿಗೆ ಹೋದ ಉಪ್ಪು ಸುತ್ತಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ವಾಂತಿ, ಭೇದಿಯಲ್ಲಿ ಒಂದಿಷ್ಟು ಉಪ್ಪು ಹೊರಗೆ ಹೋಗುವುದರಿಂದಲೇ ಬಹಳಷ್ಟು ನಾಯಿಗಳು ಅಷ್ಟಕ್ಕೇ ಪಾರಾಗುತ್ತವೆ. ಉಳಿದದ್ದು ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿನ ಜೀವಕೋಶಗಳಿಂದಲೂ ನೀರು ಹೊರಗೆ ಹೋಗುತ್ತದೆ. ಆಗ ನಾಯಿ ಮಂಕಾಗುತ್ತದೆ, ಕುಡಿದವರ ಹಾಗೆ ತೂರಾಡುತ್ತದೆ, ಮೈ ನಡುಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ.

ಇಂಥ ನಾಯಿಗೆ ಉಪ್ಪು ನೀರು ಕುಡಿಸಿ ಎಂದು ಹೇಳಿದ ಆ ಪಕ್ಕದ ರೂಮಿನ ಮಹಾನುಭಾವರಿಗೆ ಏನು ಹೇಳಲಿ? ಉಪ್ಪು ಕೊಟ್ಟು ವಾಂತಿ ಮಾಡಿಸುವುದು ಯಾವ ನಾಯಿಗೂ, ಯಾವ ಕಾರಣಕ್ಕೂ ಬೇಡ. ಚಾಕೊಲೇಟ್ ತಿಂದಿದ್ದರೂ ಬೇಡ, ಇಲಿ ಪಾಷಾಣ ತಿಂದಿದ್ದರೂ ಬೇಡ. ವಾಂತಿ ಆಗದೆ ಹೋದರೆ ಅಷ್ಟೂ ಉಪ್ಪು ಒಳಗೇ ಉಳಿಯುತ್ತದೆ. ಈ ಸಲಹೆ ವಾಟ್ಸಾಪ್‌ನಲ್ಲಿ ಇನ್ನೂ ಓಡಾಡುತ್ತಿದೆ, ಕೆಲವು ಕೆನಲ್‌ನವರೂ ಇದನ್ನೇ ಹೇಳುತ್ತಾರೆ. ನಾಯಿ ಮಾರುವವರು ನಾಯಿ ಡಾಕ್ಟರ್ ಅಲ್ಲ.

ಓಆರ್‌ಎಸ್‌ನಲ್ಲೂ ಉಪ್ಪಿದೆ. ಸಾಮಾನ್ಯ ಭೇದಿಗೆ ಅದು ಸರಿ. ಉಪ್ಪು ಜಾಸ್ತಿಯಾಗಿ ಬಂದ ಭೇದಿಗೆ ಅಲ್ಲ. ಉಪ್ಪು ಹಾಕಿದ ಮಜ್ಜಿಗೆಗೂ ಇದೇ ಮಾತು. ಇನ್ನು ಭೇದಿ ನಿಲ್ಲಿಸುವ ಮಾತ್ರೆ. ಮನುಷ್ಯರಿಗೆ ಕೊಡುವ ಲೋಪೆರಮೈಡ್ ಆಗಿದ್ದರೆ, ಹೊರಗೆ ಹೋಗಬೇಕಾದದ್ದನ್ನು ಅದು ಒಳಗೇ ಹಿಡಿದಿಡುತ್ತದೆ. ಕೋಲಿ ಜಾತಿಯ ಹಲವು ನಾಯಿಗಳಿಗೆ ಹುಟ್ಟಿನಿಂದಲೇ ಒಂದು ಜೀನ್ ದೋಷ ಇರುತ್ತದೆ. ಅವುಗಳಲ್ಲಿ ಈ ಔಷಧ ಮಿದುಳಿಗೆ ನುಗ್ಗಿ ಬೇರೆಯೇ ಅನಾಹುತ ಮಾಡುತ್ತದೆ.

ಹಾಗಾದರೆ ಏನು ಮಾಡಬೇಕು? ಆಟ ನಿಲ್ಲಿಸಿ, ನೆರಳಿಗೆ ಕರೆತನ್ನಿ. ಸಿಹಿನೀರನ್ನು ಸ್ವಲ್ಪ ಸ್ವಲ್ಪವೇ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬಟ್ಟಲಲ್ಲಿ ಕೊಡಿ. ಒಂದೇ ಸಲ ಬಕೆಟ್ ಮುಂದಿಟ್ಟರೆ ಗಟಗಟ ಕುಡಿದು ಎಲ್ಲ ಕಕ್ಕುತ್ತದೆ. ಸಿರಿಂಜಿನಲ್ಲಿ ಬಾಯಿಗೆ ತುಂಬಬೇಡಿ. ಒಂದೆರಡು ಸಲ ಭೇದಿಯಾಗಿ, ನಾಯಿ ಲವಲವಿಕೆಯಿಂದ ಇದ್ದರೆ, ಉಪ್ಪಿಲ್ಲದ ಅನ್ನ ಮತ್ತು ಬೇಯಿಸಿದ ಕೋಳಿ ಕೊಟ್ಟು ರಾತ್ರಿಯೆಲ್ಲ ಗಮನಿಸಿ. ಕುಡಿದ ನೀರು ನಿಲ್ಲುತ್ತಿಲ್ಲ, ಪದೇ ಪದೇ ವಾಂತಿ, ನಡಿಗೆ ಸರಿಯಿಲ್ಲ, ಕರೆದರೆ ಸರಿಯಾಗಿ ನೋಡುತ್ತಿಲ್ಲ ಅಂದರೆ ಬೆಂಗಳೂರಿಗೆ ಹೋಗಿ ನಮ್ಮ ಡಾಕ್ಟರಿಗೇ ತೋರಿಸುತ್ತೇವೆ ಎಂದು ಹಟ ಹಿಡಿಯಬೇಡಿ. ಘಟ್ಟ ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ಕುಮಟಾ, ಅಂಕೋಲಾದಂಥ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಹೊರಡುವ ಮೊದಲೇ ಹತ್ತಿರದ ಒಬ್ಬ ಪಶುವೈದ್ಯರ ನಂಬರ್ ಬರೆದಿಟ್ಟುಕೊಳ್ಳಿ. ಪಶು ಸಂಜೀವಿನಿಯ 1962 ಸಹಾಯವಾಣಿಯೂ ಇದೆ, ಆದರೆ ಅದು ಮುಖ್ಯವಾಗಿ ಹಳ್ಳಿಯ ದನಕರುಗಳಿಗಾಗಿ ಇರುವ ವ್ಯವಸ್ಥೆ. ಅದೊಂದನ್ನೇ ನಂಬಿ ಕೂರಬೇಡಿ.

ಡಾಕ್ಟರ್ ಹತ್ತಿರ ಹೋದಾಗ ಎಷ್ಟು ಗಂಟೆಗೆ ನೀರಿಗೆ ಇಳಿಯಿತು, ಮೊದಲ ವಾಂತಿ ಯಾವಾಗ ಆಯಿತು ಎಂದು ಸರಿಯಾಗಿ ಹೇಳಿ. ಸೋಡಿಯಂ ಏರಿ ತುಂಬಾ ಹೊತ್ತಾಗಿದ್ದರೆ ಅದನ್ನು ನಿಧಾನವಾಗಿಯೇ ಇಳಿಸಬೇಕು. ಅಷ್ಟು ಹೊತ್ತಿಗೆ ಮಿದುಳು ಆ ಉಪ್ಪಿಗೆ ಹೊಂದಿಕೊಂಡಿರುತ್ತದೆ. ಅವಸರದಲ್ಲಿ ಇಳಿಸಿದರೆ ಮಿದುಳು ಊದಿಕೊಳ್ಳುತ್ತದೆ. ‘ಒಂದು ಬಾಟಲ್ ಗ್ಲೂಕೋಸ್ ಬೇಗ ಏರಿಸಿಬಿಡಿ ಡಾಕ್ಟ್ರೇ, ರೂಮ್ ಚೆಕ್‌ಔಟ್ ಇದೆ’ ಎನ್ನುವವರಿಗೆ ಈ ಮಾತು.

ಮುಂದಿನ ಸಲ ಬಾಲ್ ಬಿಟ್ಟು ತೇಲುವ ಚಪ್ಪಟೆ ಆಟಿಕೆ ಒಯ್ಯಿರಿ, ಕಚ್ಚಿದರೂ ಬಾಯಿ ಅಷ್ಟು ತೆರೆಯುವುದಿಲ್ಲ. ಕಾಲು ಗಂಟೆ ಆಟ, ಆಮೇಲೆ ನೀರು, ನೆರಳು. ನಾಯಿ ತಾನಾಗಿ ನಿಲ್ಲಿಸುವುದಿಲ್ಲ. ಲ್ಯಾಬ್ ಅಂತೂ ನಿಲ್ಲಿಸುವುದೇ ಇಲ್ಲ. ಒದ್ದೆ ಬಾಲ್ ಮರಳಲ್ಲಿ ಉರುಳಿದರೆ ಮರಳೂ ಹೊಟ್ಟೆಗೆ ಹೋಗುತ್ತದೆ. ಬೀಚ್‌ನಿಂದ ಬಂದ ನಾಯಿಗೆ ವಾಂತಿ ಇದೆ, ಮಲ ಹೋಗುತ್ತಿಲ್ಲ, ಹೊಟ್ಟೆ ಮುಟ್ಟಿದರೆ ನರಳುತ್ತದೆ ಅಂದರೆ ಎಕ್ಸ್-ರೇ ತೆಗೆಸಿ. ಕರುಳಿನ ತುಂಬ ಮರಳು ಬೆಳ್ಳಗೆ ಕಾಣುತ್ತದೆ.

ಪ್ರಶ್ನೆ: ನಮ್ಮ ಹಸ್ಕಿಗೆ ಸೆಖೆ ಆಗದ ಹಾಗೆ ಕೂದಲು ಪೂರ್ತಿ ಬೋಳಿಸಿ ಕರೆದುಕೊಂಡು ಹೋಗಬಹುದಾ? ಏಪ್ರಿಲ್‌ನಲ್ಲಿ ಉಡುಪಿಗೆ ಹೊರಟಿದ್ದೇವೆ.

ಬೋಳಿಸಬೇಡಿ. ಆ ಕೂದಲೇ ಬಿಸಿಲನ್ನೂ ತಡೆಯುವುದು. ಬೋಳಿಸಿದರೆ ಚರ್ಮ ಸುಡುತ್ತದೆ. ಸತ್ತ ಕೂದಲನ್ನು ಚೆನ್ನಾಗಿ ಬಾಚಿ ತೆಗೆಯಿರಿ, ಸಾಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಗೆ ಒಗ್ಗಿದ ನಾಯಿ ಅದು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ನಾಲಿಗೆ ಮೇಲಿನ ತೇವ ಆರಿದರೆ ಮಾತ್ರ ತಂಪು. ಕರಾವಳಿಯ ಜಿಗುಟು ಸೆಖೆಯಲ್ಲಿ ಅದು ಆರುವುದಿಲ್ಲ. ಏಪ್ರಿಲ್‌ನಲ್ಲಿ ಹಸ್ಕಿಯನ್ನು ಉಡುಪಿಗೆ ಕರೆದೊಯ್ಯಬೇಡಿ ಎಂಬುದೇ ನನ್ನ ಉತ್ತರ, ಡಿಸೆಂಬರ್‌ನಲ್ಲಿ ಹೋಗಿ.

ಹೋಗಿಯೇ ತೀರುತ್ತೀರಿ ಎಂದು ನನಗೆ ಗೊತ್ತು. ಒಸಡು ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ನಾಯಿ ತೂರಾಡಿದರೆ ಅದು ಶಾಖಾಘಾತ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆ. ಮೈ ತುಂಬ ನಲ್ಲಿ ನೀರು ಸುರಿಯುತ್ತಾ ಫ್ಯಾನ್ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ತಲೆಗೆ ಈರುಳ್ಳಿ ಉಜ್ಜುವವರನ್ನು ದೂರ ಇಡಿ.

ಪ್ರಶ್ನೆ: ಪಗ್‌ನ ಕರೆದುಕೊಂಡು ಹೋಗಬಹುದಾ?

ಸೂರ್ಯ ಮುಳುಗಿದ ಮೇಲೆ ಹದಿನೈದು ನಿಮಿಷ, ಅದೂ ಎಸಿ ರೂಮ್ ಇದ್ದರೆ.

ಪ್ರಶ್ನೆ: ಚಾರ್ಮಾಡಿ ಘಾಟ್‌ನಲ್ಲಿ ವಾಂತಿ ಮಾಡುತ್ತದೆ. ನಿದ್ದೆ ಮಾತ್ರೆ ಕೊಡಬಹುದಾ?

ನೀವಾಗಿ ಕೊಡಬೇಡಿ. ಕೆಲವು ಮತ್ತಿನ ಔಷಧಗಳು ಮೈ ಬಿಸಿ ಹಿಡಿತದಲ್ಲಿಡುವ ಶಕ್ತಿಯನ್ನೇ ಕೆಡಿಸುತ್ತವೆ. ಹೊರಡುವ ಆರು ಗಂಟೆ ಮೊದಲು ಊಟ ನಿಲ್ಲಿಸಿ. ಪ್ರಯಾಣದ ವಾಂತಿಗೆಂದೇ ನಾಯಿಗಳಿಗೆ ಬೇರೆ ಔಷಧ ಇದೆ, ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ಎರಡು ತಿಂಗಳ ಮರಿಗೆ ಬೀಚ್ ತೋರಿಸಬೇಕು ಅಂತ ಮಗಳು ಹಟ ಮಾಡುತ್ತಿದ್ದಾಳೆ.

ಮಗಳಿಗೆ ತೋರಿಸಿ. ಮರಿ ಮನೆಯಲ್ಲಿರಲಿ.

ಪ್ರಶ್ನೆ: ಜುಲೈನಲ್ಲಿ ರೂಮ್ ಕಡಿಮೆ ರೇಟಿಗೆ ಸಿಗುತ್ತಿದೆ.

ಮಳೆಗಾಲದ ಕಡಲಿಗೆ ಮನುಷ್ಯರೇ ಇಳಿಯಬಾರದು. ಕರಾವಳಿಯ ಮಳೆ ನೀರಿನಲ್ಲಿ ಇಲಿ ಜ್ವರದ ಅಪಾಯವೂ ಇದೆ, ಅದು ನಾಯಿಗೂ ಬರುತ್ತದೆ, ನಿಮಗೂ ಬರುತ್ತದೆ.

ಪ್ರಶ್ನೆ: ದಡದಲ್ಲಿ ಬಿದ್ದ ಮೀನು ತಿಂದರೆ ಪ್ರೋಟೀನ್ ಅಲ್ವಾ?

ಬಲೆಯಿಂದ ಬೇಡವೆಂದು ಎಸೆದ ಮೀನುಗಳಲ್ಲಿ ಮೈ ಉಬ್ಬಿಸಿಕೊಳ್ಳುವ ಪಫರ್ ಮೀನೂ ಇರುತ್ತದೆ. ಅದರ ಟೆಟ್ರೊಡೊಟಾಕ್ಸಿನ್ ವಿಷಕ್ಕೆ ಮದ್ದಿಲ್ಲ. ಉಸಿರಾಟದ ಸ್ನಾಯುಗಳೇ ನಿಂತುಹೋಗುತ್ತವೆ. ಹಳೆಯ ಮೀನಿನಲ್ಲಿ ಗಾಳದ ಕೊಕ್ಕೆಯೂ ಸಿಕ್ಕಿಕೊಂಡಿರುತ್ತದೆ. ಪ್ರೋಟೀನ್ ಬೇಕಾದರೆ ಮೊಟ್ಟೆ ಬೇಯಿಸಿ ಕೊಡಿ.

ಪ್ರಶ್ನೆ: ಉಣ್ಣಿ ಹತ್ತದ ಹಾಗೆ ಬೆಳ್ಳುಳ್ಳಿ ತಿನ್ನಿಸಿ ಕರೆದೊಯ್ಯಿರಿ ಎಂದು ಟ್ರೈನರ್ ಹೇಳಿದರು.

ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ. ಉಣ್ಣಿಗೆ ಏನೂ ಆಗುವುದಿಲ್ಲ. ಟ್ರೈನರ್ ಬದಲಾಯಿಸಿ.

ಪ್ರಶ್ನೆ: ಬೀಚ್‌ನಲ್ಲಿ ಕಕ್ಕ ಮಾಡಿದರೆ ಮರಳು ಮುಚ್ಚಿದರೆ ಸಾಕಲ್ವಾ? ಅದು ನೈಸರ್ಗಿಕ ತಾನೆ?

ಕೊಕ್ಕೆಹುಳವೂ ನೈಸರ್ಗಿಕವೇ. ನಾಯಿಯ ಮಲದಲ್ಲಿ ಅದರ ಮೊಟ್ಟೆ ಇದ್ದರೆ ಬೆಚ್ಚಗಿನ, ತೇವದ ಮರಳಲ್ಲಿ ಮರಿಯಾಗುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಡೆದವರ, ಅಂಗಾತ ಮಲಗಿದವರ ಚರ್ಮದೊಳಗೆ ನುಗ್ಗಿ, ಕೆಂಪು ದಾರ ಎಳೆದ ಹಾಗೆ ಹರಿದಾಡುತ್ತದೆ. ತಡೆಯಲಾಗದ ನವೆ. ಮರಳು ಮುಚ್ಚಿದರೆ ಅದಕ್ಕೆ ನೆರಳು ಮಾಡಿಕೊಟ್ಟ ಹಾಗಾಯಿತು ಅಷ್ಟೇ. ಹೊರಡುವ ಮೊದಲು ಜಂತುಹುಳದ ಮಾತ್ರೆ ಹಾಕಿಸಿ, ಕವರ್ ಒಯ್ಯಿರಿ, ಎತ್ತಿ ಗಂಟು ಹಾಕಿ. ಡಸ್ಟ್‌ಬಿನ್ ಸಿಗದಿದ್ದರೆ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಸಿಗುವವರೆಗೆ ಹೋಗಿ. ವಾಸನೆ ಬರುತ್ತದೆ, ಹೌದು. ನಾಯಿ ನಿಮ್ಮದು ತಾನೆ?