ಎಲ್ಲವೂ ಹೊಳೆದರೆ ಬಟನ್ ಎಲ್ಲಿ ಕಾಣುತ್ತೆ?

ಜಯನಗರದ ಟಿಫಿನ್ ಆ್ಯಪ್‌ನಲ್ಲಿ ‘ಆರ್ಡರ್ ಮಾಡಿ’ ಬಟನ್ ದೊಡ್ಡದು ಮಾಡಿದರೂ ಯಾರ ಕಣ್ಣಿಗೂ ಬೀಳ್ತಿಲ್ಲ ಅಂದಿದ್ದೀರಿ. ಸ್ಕ್ರೀನ್‌ಶಾಟ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಸುತ್ತಲಿನದೆಲ್ಲ ಅಷ್ಟೇ ಜೋರಾಗಿರಬೇಕು. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರೀತಿರುವಾಗ ಗೋಡೆಯ ಚಿತ್ರಕ್ಕೆ ಸ್ಪಾಟ್‌ಲೈಟ್ ಹಾಕಿದರೆ ಗೊತ್ತೇ ಆಗಲ್ಲ. ಚಿತ್ರದ ಮೇಲಿನ ಬೆಳಕು ಸುತ್ತಲಿಗಿಂತ ಸುಮಾರು 3 ಪಟ್ಟಾದರೂ ಇರಬೇಕು ಅನ್ನೋದು ಲೈಟಿಂಗ್‌ನವರ ಲೆಕ್ಕ.

ಹಾಗಾಗಿ ಮೊದಲು ಟ್ಯೂಬ್‌ಲೈಟ್ ಆಫ್ ಮಾಡಿ: ಕೆಂಪು ಆಫರ್ ಪಟ್ಟಿ, ಮಿನುಗುವ ಇಡ್ಲಿ-ವಡೆ ಬ್ಯಾನರ್ (ಇದಂತೂ ಹಿಂಸೆ) ತೆಗೀರಿ. ಆಮೇಲೆ ಸ್ಕ್ರೀನನ್ನು ಕಪ್ಪು-ಬಿಳುಪು ಮಾಡಿ, ಕಣ್ಣು ಕಿರಿದಾಗಿಸಿ ದೂರದಿಂದ ನೋಡಿ. ಬಟನ್ ಎದ್ದು ಕಂಡ ಮೇಲೆ ಬಣ್ಣ ಕೊಡಿ, ಅದಕ್ಕೆ ಮಾತ್ರ. ಉಳಿದ ಅಕ್ಷರ ತೀರಾ ಮಂಕಾಗದಿರಲಿ, ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ) 4.5:1ಕ್ಕಿಂತ ಇಳಿಸಬೇಡಿ. ಆಫರ್ ಬೇಕೇ ಬೇಕು ಅಂತ ಮಾಲೀಕರು ಹಟ ಹಿಡಿದರೆ ಅದನ್ನು ಮೆನುವಿನ ಕೆಳಗೆ ತಳ್ಳಿ.